ಎಂಜೈಮಿನ ಮೂಗು ಕತ್ತರಿಸಿದ ತ್ರೀಡಿ ಪ್ರಿಂಟ್ ಅಂಗಡಿ: 5ಕ್ಕೆ 3 ಸ್ಟಾರ್

ಡಿಗ್ರಿ ಮಕ್ಕಳಿಗೆ ತೋರಿಸೋಕೆ ಒಂದು ಸೆಲ್ಯುಲೇಸ್ ಎಂಜೈಮಿನ (ಸೆಲ್ಯುಲೋಸನ್ನು ಕತ್ತರಿಸುವ ಪ್ರೋಟೀನ್) ಮಾದರಿ ಬೇಕಿತ್ತು. ಕಾಲೇಜಿನ ಹತ್ತಿರದ ಪ್ರಿಂಟ್ ಅಂಗಡಿಗೆ ಕೊಟ್ಟೆ. ಅಂಗಡಿ ಹೆಸರು ಹೇಳಲ್ಲ, ಹುಡುಗರು ಒಳ್ಳೆಯವರೇ.

ಕೊಟ್ಟ ಫೈಲು ಪ್ರೋಟೀನ್ ಡೇಟಾ ಬ್ಯಾಂಕಿನ, ಅಂದರೆ ಪ್ರೋಟೀನುಗಳ ರಚನೆ ಕೂಡಿಟ್ಟ ಆನ್‌ಲೈನ್ ಭಂಡಾರದ, 1ಟಿಎಫ್4 ನಂಬರಿನದು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಥರ್ಮೋಬಿಫಿಡಾ ಫಸ್ಕಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಒಳಗೇ ಕಾದು ಹಬೆಯಾಡುವ ಗೊಬ್ಬರದ ರಾಶಿಯಲ್ಲಿ ಬೆಳೆಯುತ್ತದೆ, ಹುಲ್ಲು ಸೊಪ್ಪಿನ ಸೆಲ್ಯುಲೋಸನ್ನು, ಅಂದರೆ ಗ್ಲೂಕೋಸಿನ ಉದ್ದುದ್ದ ಸರಗಳನ್ನು, ತುಂಡು ಮಾಡಿ ತಿನ್ನುತ್ತದೆ. ಅದಕ್ಕೆ ಬೇಕಾದ ಕತ್ತರಿಗಳಲ್ಲಿ ಈ ಎಂಜೈಮೂ ಒಂದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ವಿಲ್ಸನ್, ಆಂಡ್ರ್ಯೂ ಕಾರ್ಪ್ಲಸ್ ಅವರ ತಂಡ ಇದರ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, 1.9 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು) ಸೂಕ್ಷ್ಮತೆಯ ರಚನೆಯನ್ನು 1997ರಲ್ಲಿ ಪ್ರಕಟಿಸಿತು. ಸೆಲ್ಯುಲೋಸನ್ನು ಕತ್ತರಿಸುವ ಭಾಗ, ಹಿಡಿದುಕೊಳ್ಳುವ ಭಾಗ ಎರಡೂ ಒಂದಕ್ಕೊಂದು ಅಂಟಿ ಕೂತಿದ್ದು ಕಂಡದ್ದು ಅದೇ ಮೊದಲು.

ಪೀಸ್ ಕೈಗೆ ಬಂದಾಗ ಖುಷಿಯಾಯ್ತು. ಅಂಗೈ ತುಂಬುವಷ್ಟು ದೊಡ್ಡದು, ಪೀಪಾಯಿಯಂಥ ದೇಹ, ಅದರ ಮೇಲೊಂದು ಉದ್ದನೆ ಸೀಳು, ಸೀಳಿನ ನೇರಕ್ಕೆ ಪಕ್ಕದಲ್ಲಿ ಹಿಡಿಯುವ ಭಾಗದ ಚಪ್ಪಟೆ ಮುಖ. ಫಿನಿಶಿಂಗ್ ಮಾತ್ರ ಸೂಪರ್, ಎಲ್ಲೂ ತರಿತರಿ ಇಲ್ಲ. ಗ್ಲೂಕೋಸ್ ಸರ ಅಂತ ಒಂದು ಮಣಿಸರ ಪೋಣಿಸಿಟ್ಟುಕೊಂಡಿದ್ದೆ, ಸೀಳಿನಲ್ಲಿಟ್ಟು ಎಳೆದೆ. ಸರಕ್ಕನೆ ಆ ಕಡೆಯಿಂದ ಆಚೆ ಬಂತು!

ಬರಬಾರದು. ಸೀಳಿನ ಒಂದು ತುದಿಗೆ ಅಡ್ಡಲಾಗಿ ಪ್ರೋಟೀನಿನದೇ ಒಂದು ಕುಣಿಕೆ (ಲೂಪ್) ಇರಬೇಕು. ಸರ ಅಲ್ಲಿಗೆ ತಾಗಿ ನಿಲ್ಲುತ್ತದೆ, ನಾಲ್ಕು ಮಣಿ ಒಳಗೆ ಹೋದ ಮೇಲೆ ಕತ್ತರಿ ಬೀಳುತ್ತದೆ. ಹಾಗಾಗಿಯೇ ಇದು ಸರದ ತುದಿಯಿಂದ ನಾಲ್ಕು ನಾಲ್ಕೇ ಗ್ಲೂಕೋಸ್ ಕತ್ತರಿಸುತ್ತಾ ಹೋಗೋದು.

ಅಂಗಡಿಯವನನ್ನು ಕೇಳಿದರೆ, "ಮೇಡಂ, ಆ ತುದೀಲಿ ಏನೋ ಗುಬುಟು ಉಳ್ಕೊಂಡಿತ್ತು, ಸಪೋರ್ಟ್ ಅಂದ್ಕೊಂಡು ಕಟ್ಟರಲ್ಲಿ ತೆಗೆದು ಎಮರಿ ಪೇಪರ್ ಹಾಕಿ ನೀಟಾಗಿ ಉಜ್ಜಿಬಿಟ್ಟೆ" ಅಂದ. ಹೆಮ್ಮೆಯಿಂದ ಬೇರೆ! (ಸಪೋರ್ಟ್ ಅಂದರೆ ಪ್ರಿಂಟ್ ಆಗುವಾಗ ಆನಿಕೆಗೆ ಕೊಟ್ಟು ಆಮೇಲೆ ಕಿತ್ತು ಹಾಕುವ ತುಂಡು.) ಬೈಯೋಣ ಅಂದರೆ ಬಾಯೇ ಬರಲಿಲ್ಲ. ಇಡೀ ಎಂಜೈಮಿನಲ್ಲಿ ನನಗೆ ಬೇಕಿದ್ದದ್ದೇ ಆ ಗುಬುಟು.

ಮತ್ತೆ ಪ್ರಿಂಟ್ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ, ಆದರೆ ಹನ್ನೊಂದು ದಿನ ಸತಾಯಿಸಿದರು. ಎರಡು ಭಾಗಕ್ಕೆ ಎರಡು ಬಣ್ಣ ಹೇಳಿದ್ದೆ, ಎಲ್ಲಾ ಬೂದಿ ಬಣ್ಣವೇ. ಇರಲಿ, ಈ ಸಲ ಮಣಿಸರ ತಾಗಿ ನಿಲ್ಲುತ್ತದೆ. ಕೆಲಸ ಗಟ್ಟಿ, ರೇಟೂ ಜಾಸ್ತಿ ಅಲ್ಲ. ಕೊಡುವವರು ಫೋಟೋ ಪ್ರಿಂಟ್ ಹಾಕಿಸಿ, ಮುಟ್ಟಬಾರದ ಜಾಗಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿಯೇ ಕೊಡಿ.