ನಾಲ್ಕಡಿ ಕ್ಯಾನ್ವಾಸ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಸೋಫಾದ ಮೇಲಿನ ಖಾಲಿ ಗೋಡೆಗೆ ಒಂದೂವರೆ ಅಡಿಯ ಚಿತ್ರ ನೇತುಹಾಕಿದರೆ ಅಂಚೆಚೀಟಿ ಅಂಟಿಸಿದ ಹಾಗಿರುತ್ತದೆ. ಅಲ್ಲಿಗೆ 3×4 ಅಡಿಯಾದರೂ ಬೇಕು. ಈ ಅಳತೆಯಲ್ಲಿ ಮೂರು ಬಗೆಯ ತಳ, ಮೂರು ಬಗೆಯ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ಪದರ), ಎರಡು ಬಗೆಯ ಬಣ್ಣ ಹಚ್ಚಿ ನೋಡಿದ್ದೇವೆ. ಬಟ್ಟೆಯಲ್ಲಿ ದುಡ್ಡು ಉಳಿಸಬಹುದು, ಬಣ್ಣದಲ್ಲಿ ಇನ್ನೂ ಹೆಚ್ಚು ಉಳಿಸಬಹುದು. ಮರದಲ್ಲಿ ಉಳಿಸಲು ಹೋದರೆ ಮಾತ್ರ ಉಳಿದದ್ದೆಲ್ಲ ದಂಡ.

ರೆಡಿಮೇಡ್ ಕ್ಯಾನ್ವಾಸ್

ತಂದ ದಿನವೇ ಕುಂಚ ಹಿಡಿಯಬಹುದು, ದೊಡ್ಡ ಲಾಭ ಇದೊಂದೇ. ದೊಡ್ಡ ಅಳತೆಯಲ್ಲಿ ಅಗ್ಗದ್ದೆಂದರೆ ಸಾಮಾನ್ಯವಾಗಿ ಮುಕ್ಕಾಲಿಂಚಿನ ಮರದ ಪಟ್ಟಿಯ ಚೌಕಟ್ಟು. ಎಷ್ಟೋ ಸಲ ನಡುವೆ ಅಡ್ಡಪಟ್ಟಿಯೂ ಇರುವುದಿಲ್ಲ. ಸಮನಾದ ನೆಲದ ಮೇಲಿಟ್ಟು ಮೂಲೆಗಳನ್ನು ಒಂದೊಂದಾಗಿ ಒತ್ತಿ. ಒಂದು ಮೂಲೆ ಟಕಟಕ ಅಂದರೆ ಚೌಕಟ್ಟು ತಿರುಚಿಕೊಂಡಿದೆ, ಗೋಡೆಯ ಮೇಲೂ ಆ ಮೂಲೆ ಎದ್ದೇ ನಿಲ್ಲುತ್ತದೆ. ಕೊಳ್ಳುವುದೇ ಆದರೆ ಒಳಮೂಲೆಯಲ್ಲಿ ಬೆಣೆ ತೂರಿಸುವ ಸೀಳು ಇರುವುದನ್ನೇ ನೋಡಿ ಕೊಳ್ಳಿ. ಮುಂದೆ ಬಟ್ಟೆ ಜೋಲು ಬಿದ್ದಾಗ ಬೆಣೆಗೆ ಮೆಲ್ಲಗೆ ಎರಡು ಏಟು ಹಾಕಿದರೆ ಬಿಗಿಯಾಗುತ್ತದೆ. ಸಾಗಣೆಯಲ್ಲಿ ಬಿದ್ದ ಸಣ್ಣ ತಗ್ಗಿಗೆ ಹಿಂಬದಿಯಿಂದ ನೀರು ಚಿಮುಕಿಸಿ ಒಣಗಲು ಬಿಡಿ, ಬಹುಮಟ್ಟಿಗೆ ಸರಿಹೋಗುತ್ತದೆ.

ಎಂಡಿಎಫ್ ಹಲಗೆ

ಮರದ ನಾರು ಒತ್ತಿ ಮಾಡಿದ ಈ 6 ಮಿ.ಮೀ. ಹಲಗೆ ಈ ಅಳತೆಗೆ ಸುಮಾರು 5 ಕೆಜಿ ತೂಗುತ್ತದೆ. ಬಾಗದಿರಲೆಂದು ಹಿಂದೆ ರೀಪು ಹೊಡೆದರೆ 8 ಕೆಜಿ ಮುಟ್ಟುತ್ತದೆ. ಮೇಲ್ಮೈ ಗಾಜಿನಷ್ಟು ನುಣುಪು, ಹಾಗಾಗಿ ಜ್ಯಾಮಿತಿಯ ಗೆರೆ, ಸ್ಟೆನ್ಸಿಲ್, ಮಾಸ್ಕಿಂಗ್ ಟೇಪಿನ ಕೆಲಸಕ್ಕೆ ಬಟ್ಟೆಗಿಂತ ಇದೇ ಮೇಲು. ಆದರೆ ಮುಂಬದಿಗೆ ಮಾತ್ರ ಬಣ್ಣ ಹಚ್ಚಿದರೆ ಎರಡು ಮುಖಗಳು ತೇವ ಹೀರುವ ಪ್ರಮಾಣ ಬೇರೆಬೇರೆಯಾಗಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಹಿಂಬದಿಗೂ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೂ ಪ್ರೈಮರ್ ಹಚ್ಚಲೇಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬರಿ ಅಂಚು ಬಿಸ್ಕತ್ತಿನಂತೆ ಉಬ್ಬುತ್ತದೆ. ಅಲ್ಲಿಯವರು ಈ ದಾರಿ ಬಿಡುವುದೇ ವಾಸಿ.

ಕೋರಾ ಕ್ಯಾನ್ವಾಸ್, ಸ್ವಂತ ಚೌಕಟ್ಟು

ನಮ್ಮ ಆಯ್ಕೆ ಇದು. ಒಂದು ರೆಡಿಮೇಡ್ ಕ್ಯಾನ್ವಾಸಿನ ದುಡ್ಡಿಗೆ ಹೆಚ್ಚುಕಡಿಮೆ ಇಂಥ ಎರಡು ಆಗುತ್ತವೆ, ಅದೂ ಅಡ್ಡಪಟ್ಟಿಯ ಸಮೇತ.

ಬ್ಯಾಗು ಹೊಲಿಯುವವರು ಬಳಸುವ ದಪ್ಪ ಕೋರಾ ಕ್ಯಾನ್ವಾಸ್ ಕೇಳಿ. 300 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ) ಆಸುಪಾಸು ಇರಲಿ. ತೆಳು ಕೋರಾ ಬಟ್ಟೆ ಅಗ್ಗ ನಿಜ, ಆದರೆ ಕುಂಚ ಒತ್ತಿದಲ್ಲೆಲ್ಲ ಒಳಗಿನ ಮರದ ಗೆರೆ ಮೂಡುತ್ತದೆ. ಪನ್ನ 48 ಇಂಚಿಗೆ ಕಡಿಮೆ ಬೇಡ, ಉದ್ದ 1.6 ಮೀಟರ್ ಇರಲಿ. ಸುತ್ತ ಮೂರು ಮೂರು ಇಂಚು ಮಡಿಸಲು ಬೇಕಿರುವುದು 42×54 ಇಂಚು. ಮಿಕ್ಕಿದ್ದು ಬಟ್ಟೆ ಕುಗ್ಗುವುದಕ್ಕೆ. ಬಿಸಿನೀರಿನಲ್ಲಿ ನೆನೆಸಿ, ಗಂಜಿ ಬಿಡುವಂತೆ ಒಗೆದು, ಅರೆ ಒದ್ದೆಯಿರುವಾಗಲೇ ಇಸ್ತ್ರಿ ಹಾಕಿ. ಒಗೆಯದ ಬಟ್ಟೆಯನ್ನು ಬಿಗಿಯಾಗಿ ಎಳೆದು ಹೊಡೆದು ಮೇಲೆ ಪ್ರೈಮರ್ ಬಳಿದರೆ ಅದು ಅಲ್ಲೇ ಕುಗ್ಗಿ ಚೌಕಟ್ಟಿನ ನಡುವನ್ನು ಒಳಕ್ಕೆ ಎಳೆದುಬಿಡುತ್ತದೆ.

ಮರ 2×1 ಇಂಚಿನ ಪೈನ್ ರೀಪು, ಒಟ್ಟು 17 ಅಡಿ. ಅಂಗಡಿಯಲ್ಲೇ ಒಂದು ತುದಿ ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡಿ. ಸೊಟ್ಟಗಿದ್ದರೆ ವಾಪಸ್ ಇಡಿ, ಬಿಗಿದ ಮೇಲೆ ನೆಟ್ಟಗಾಗುತ್ತದೆ ಎನ್ನುವ ಮಾತು ನಂಬಬೇಡಿ. ಪ್ಯಾಕಿಂಗ್ ಪೆಟ್ಟಿಗೆ ಒಡೆದ ಮರ ಪುಕ್ಕಟೆ ಸಿಗುತ್ತದೆ, ಆದರೆ ಗಂಟು ಹೆಚ್ಚು. ಹಸಿ ಇದ್ದರಂತೂ ಒಣಗುತ್ತ ತಿರುಚುತ್ತದೆ. ರೀಪನ್ನು ಮಲಗಿಸದೆ ಎರಡಿಂಚಿನ ಬದಿ ಆಳಕ್ಕೆ ಬರುವಂತೆ ನಿಲ್ಲಿಸಿ ಜೋಡಿಸಿ, ಆಗ ತಿರುಚುವುದು ಕಡಿಮೆ. ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯದಿದ್ದರೆ ರೀಪಿನ ತುದಿ ಸೀಳುತ್ತದೆ. ಮೂಲೆಮಟ್ಟ ಇಲ್ಲದಿದ್ದರೂ ತೊಂದರೆಯಿಲ್ಲ: 36×48ರ ಚೌಕಟ್ಟಿನ ಹೊರಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 60 ಇಂಚು ಬರಬೇಕು. ಎರಡೂ ಕರ್ಣ 60 ಆದಮೇಲೆಯೇ ಮೂಲೆಗಳಿಗೆ ಹಚ್ಚಿದ ಗೋಂದು ಒಣಗಲು ಬಿಡಿ. ಮುಂಬದಿಯ ಹೊರ ಅಂಚಿಗೆ ಸುತ್ತಲೂ ಅರ್ಧ ಇಂಚಿನ ಕ್ವಾರ್ಟರ್ ರೌಂಡ್ ಬೀಡಿಂಗ್ (ಕಾಲು ವೃತ್ತದಂತೆ ದುಂಡಗಿನ ಸಣ್ಣ ಮರದ ಪಟ್ಟಿ) ಹೊಡೆದರೆ ಬಟ್ಟೆ ಮರದಿಂದ ಎತ್ತರದಲ್ಲಿ ನಿಲ್ಲುತ್ತದೆ. ನಡುವಿನ ಅಡ್ಡಪಟ್ಟಿ ಬಟ್ಟೆಗೆ ತಾಗಕೂಡದು.

ಸ್ಟೇಪಲ್ ಹೊಡೆಯುವುದು ನಾಲ್ಕೂ ಬದಿಯ ನಡುವಿನಿಂದ: ಒಂದು ಇಲ್ಲಿ, ಒಂದು ಎದುರಿಗೆ, ಆಮೇಲೆ ಉಳಿದೆರಡು ಬದಿಗೆ. ಹೀಗೆ ಎರಡಿಂಚಿಗೊಂದರಂತೆ ಮೂಲೆಯ ಕಡೆ ಸಾಗಿ. ಒಂದು ಮೂಲೆಯಿಂದ ಶುರುಮಾಡಿದರೆ ಎದುರು ಮೂಲೆಗೆ ತಲುಪುವಷ್ಟರಲ್ಲಿ ಓರೆ ನಿರಿಗೆ ಬಿದ್ದಿರುತ್ತದೆ, ಆಮೇಲೆ ಎಷ್ಟು ಎಳೆದರೂ ಹೋಗದು.

ಪ್ರೈಮರ್

ಚಿತ್ರಕಾರರಿಗೆಂದೇ ಸಿಗುವ ಬಿಳಿ ಪ್ರೈಮರ್ ಜೆಸ್ಸೋ ಎಲ್ಲಕ್ಕಿಂತ ಚೆನ್ನ, ಅನುಮಾನವಿಲ್ಲ. ಆದರೆ ಮೂರು ಕೋಟು ಬಳಿದರೆ ಸುಮಾರು ಅರ್ಧ ಲೀಟರ್ ಕುಡಿಯುವ ಬಟ್ಟೆಗೆ ಅದು ದುಬಾರಿ ಊಟ. ಮರದ ಬಿಳಿ ಗೋಂದಿಗೆ ಸೀಮೆಸುಣ್ಣದ ಪುಡಿ ಕಲಸುವ ಮನೆಮದ್ದು ಬಿಸಿಲಿನ ದಿನ ಗಟ್ಟಿಯಾಗಿಯೇ ಕಾಣುತ್ತದೆ. ತೇವದ ಹವೆಯಲ್ಲಿ ಮೆತ್ತಗಾಗುತ್ತದೆ, ಪುಡಿ ಹೆಚ್ಚಾದರೆ ಬಿರಿಯುತ್ತದೆ. ನಡುವಿನ ದಾರಿಯೆಂದರೆ ಹೊರಗೋಡೆಗೆ ಬಳಿಯುವ ಬಿಳಿ ಮ್ಯಾಟ್ ಎಮಲ್ಷನ್. ಮೊದಲ ಕೋಟು ಬಳಿಯುವಾಗ ನಾಲ್ಕರಲ್ಲೊಂದು ಪಾಲು ನೀರು ಬೆರೆಸಿ. ಮುಂದಿನ ಎರಡಕ್ಕೆ ನೀರು ಬೇಡ. ಕೋಟುಗಳ ನಡುವೆ 220 ನಂಬರಿನ ಸ್ಯಾಂಡ್ ಪೇಪರ್ ಹಗುರವಾಗಿ ಆಡಿಸಿ. ಬಿಸಿಲು ಮಳೆಗೆ ಹಿಗ್ಗಿ ಕುಗ್ಗಲೆಂದೇ ಮಾಡಿದ ಬಣ್ಣವಾದ್ದರಿಂದ ಬಟ್ಟೆಯ ಮೇಲೆ ಸುಲಭವಾಗಿ ಬಿರಿಯುವುದಿಲ್ಲ. ಡಿಸ್ಟೆಂಪರ್ ಮಾತ್ರ ಮುಟ್ಟಬೇಡಿ, ಒರೆಸಿದರೆ ಕೈಗೇ ಬರುತ್ತದೆ.

ಬಣ್ಣ: ಟ್ಯೂಬೋ, ಗೋಡೆಯದೋ?

12 ಚದರಡಿಗೆ ಹಿನ್ನೆಲೆ ಎರಡು ಕೋಟು ಬಳಿಯಲು ಸುಮಾರು 250 ಮಿ.ಲೀ. ಬಣ್ಣ ಬೇಕು. 40 ಮಿ.ಲೀ. ಟ್ಯೂಬುಗಳಲ್ಲಿ ಲೆಕ್ಕ ಹಾಕಿದರೆ ಆರೇಳು ಆಗುತ್ತವೆ, ಅದೂ ಒಂದೇ ಬಣ್ಣಕ್ಕೆ. ಇಲ್ಲಿ ಗೋಡೆ ಎಮಲ್ಷನ್ ಸಲೀಸಾಗಿ ಗೆಲ್ಲುತ್ತದೆ. ಬಿಳಿ ಎಮಲ್ಷನ್‌ಗೆ ಸ್ಟೇನರ್ (ಬಣ್ಣ ಕೊಡುವ ಗಾಢ ದ್ರವ) ಬೆರೆಸಿದರೆ ಕೆಮ್ಮಣ್ಣು, ಬೂದಿ, ತಿಳಿಹಸಿರು, ಆಕಾಶದ ನೀಲಿ ಎಲ್ಲ ಸೊಗಸಾಗಿ ಬರುತ್ತವೆ.

ಎಡವುವುದು ಗಾಢ ಬಣ್ಣದಲ್ಲಿ. ಇನ್ನೂ ಕಡುವಾಗಲಿ ಎಂದು ಸ್ಟೇನರ್ ಸುರಿಯುತ್ತ ಹೋದರೆ ಪದರ ಪೂರ್ತಿ ಒಣಗದೆ ಬೆರಳಿಗೆ ಅಂಟುತ್ತದೆ, ಏಕೆಂದರೆ ಸ್ಟೇನರ್‌ಗೆ ತಾನಾಗಿ ಗಟ್ಟಿಯಾಗುವ ಗುಣವಿಲ್ಲ. 100 ಮಿ.ಲೀ.ಗೆ 5 ಮಿ.ಲೀ. ದಾಟಬೇಡಿ. ಕಡುನೀಲಿ, ಕಡುಹಸಿರು ಬೇಕಿದ್ದರೆ ಬಣ್ಣದ ಅಂಗಡಿಯ ಮಿಕ್ಸಿಂಗ್ ಯಂತ್ರದಲ್ಲಿ ಗಾಢ ಬೇಸ್‌ನಲ್ಲಿ (ಕಡು ಬಣ್ಣಕ್ಕೆಂದೇ ಇರುವ ಮೂಲ ಬಣ್ಣದಲ್ಲಿ) ಬೆರೆಸಿಸಿಕೊಳ್ಳಿ. ಬಿಳಿಯಿಂದ ಅಲ್ಲಿಗೆ ಎಂದೂ ತಲುಪಲಾಗದು. ಉರಿಯುವ ಕೆಂಪು, ನಿಂಬೆ ಹಳದಿಗೆ ಟ್ಯೂಬೇ ಗತಿ, ಅದೂ ಮೇಲಿನ ಕೆಲವೇ ಗೆರೆಗಳಿಗೆ. ಟ್ಯೂಬು, ಎಮಲ್ಷನ್ ಎರಡೂ ನೀರಿನ ಅಕ್ರಿಲಿಕ್ ಆಗಿದ್ದರೆ ಒಂದರ ಮೇಲೊಂದು ಚೆನ್ನಾಗಿ ಕೂರುತ್ತವೆ. ಒಣಗಿದ ಮೇಲೆ ಬಣ್ಣ ತುಸು ಕಡುವಾಗುವುದರಿಂದ ಮಿಕ್ಕ ಬಟ್ಟೆ ಚೂರಿಗೆ ಹಚ್ಚಿ, ಒಣಗಿಸಿ ನೋಡಿಯೇ ಪೂರ್ತಿ ಕಲಸಿ. ಅರ್ಧಕ್ಕೆ ಮುಗಿದರೆ ಅದೇ ಛಾಯೆ ಮತ್ತೆ ಕೈಗೆ ಸಿಗುವುದಿಲ್ಲ.

ಹಿನ್ನೆಲೆ ಬಳಿಯುವಾಗ ಫ್ಯಾನ್ ನಿಲ್ಲಿಸಿ. ನಾಲ್ಕಿಂಚಿನ ಫೋಮ್ ರೋಲರ್ ಹಿಡಿದು ಹಿಂದಿನ ಅಂಚು ಒದ್ದೆಯಿರುವಾಗಲೇ ಮುಂದಿನದನ್ನು ಸೇರಿಸಿ, ಇಲ್ಲವಾದರೆ ಪಟ್ಟೆಪಟ್ಟೆ ಕಾಣುತ್ತದೆ. ಮ್ಯಾಟ್ ಎಮಲ್ಷನ್ ಮೇಲೆ ಕೈ ಉಜ್ಜಿದಲ್ಲಿ ಮಿರುಗು ಮೂಡುವ ಕಾಟವೂ ಉಂಟು. ಮೂರ್ನಾಲ್ಕು ದಿನ ಒಣಗಿದ ಮೇಲೆ ನೀರಿನ ಮ್ಯಾಟ್ ವಾರ್ನಿಷ್ ತೆಳ್ಳಗೆ ಎರಡು ಕೋಟು ಕೊಡಿ. ನೇತುಹಾಕುವಾಗ ಹಿಂಬದಿಯ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ರಬ್ಬರ್ ತುಂಡು ಅಂಟಿಸಿ. ಮಳೆನೀರು ಬಡಿಯುವ ಗೋಡೆಯಾದರೆ ಆ ಸಂದಿಯಲ್ಲಿ ಗಾಳಿ ಆಡಿ ಬಟ್ಟೆಗೆ ಬೂಸ್ಟು ಹಿಡಿಯುವುದು ತಪ್ಪುತ್ತದೆ.