ಅರ್ಧಕ್ಕೆ ನಿಂತ ಹಾಡನ್ನು ಮುಂದುವರಿಸಲು ಯಾವ ದಾರಿ ಒಳ್ಳೆಯದು?

ಮಂಡ್ಯದಲ್ಲಿ ಮೇಷ್ಟರಾಗಿದ್ದ ನನ್ನ ಸೋದರಮಾವ ಭಾವಗೀತೆಗಳಿಗೆ ರಾಗ ಹಾಕುತ್ತಿದ್ದರು. ಅವರು ಬಿಟ್ಟುಹೋದ ಕ್ಯಾಸೆಟ್‌ಗಳಲ್ಲಿ ಪೂರ್ತಿಯಾದ ಹಾಡು ಕಡಿಮೆ. ಪಲ್ಲವಿ ಇದ್ದರೆ ಚರಣವಿಲ್ಲ, ಚರಣದ ಧಾಟಿ ಇದ್ದರೆ ಮಾತಿನ ಜಾಗದಲ್ಲಿ ‘ತನನ’ ಇದೆ. ಇವುಗಳಿಂದ ಹೊಸ ಹಾಡು ಕಟ್ಟಲು ಮೈಸೂರಿನ ನಮ್ಮ ಮನೆಯಲ್ಲಿ ನಾನೂ ತಬಲಾ ನುಡಿಸುವ ಗೆಳೆಯನೂ ಬೇರೆ ಬೇರೆ ದಾರಿ ಹಿಡಿದು ನೋಡಿದೆವು.

ಯಾವ ದಾರಿಗಾದರೂ ಮೊದಲು ಟೇಪು ಸರಿಯಾಗಬೇಕು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಬ್ಯಾಟರಿ ಸೊರಗಿದ್ದಾಗ ಮುದ್ರಿಸಿದ್ದರೆ, ಈಗ ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಏರಿ ಕೇಳಿಸುತ್ತದೆ. ಮಾವನ ಹಾರ್ಮೋನಿಯಂ ಮನೆಯಲ್ಲೇ ಇದ್ದುದರಿಂದ ಅದರ ಷಡ್ಜಕ್ಕೆ ಹೋಲಿಸಿ ವೇಗವನ್ನು ತಿದ್ದಿಕೊಂಡೆವು. ಟೇಪ್ ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಕಡೆ ‘ಸ’, ‘ಶ’ಗಳ ಮಸುಕು ಕಳೆದು ಅವು ಸ್ಪಷ್ಟವಾಗುತ್ತವೆ. ಅಲ್ಲಿಗೆ ನಿಲ್ಲಿಸಬೇಕು.

ಮೊದಲ ದಾರಿ, ಹಳೆಯ ದನಿಯನ್ನು ಬಿಡಿಸಿ ತೆಗೆದು ಅದರ ಸುತ್ತ ಹೊಸ ವಾದ್ಯಗಳನ್ನು ಕೂರಿಸುವುದು. ಇಂಗ್ಲೆಂಡಿನ ಬೀಟಲ್ಸ್ ತಂಡದ ಕೊನೆಯ ಹಾಡು 2023ರಲ್ಲಿ ಹೊರಬಂದದ್ದು ಹೀಗೆಯೇ. ಆ ತಂಡದ ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಪಿಯಾನೊ ನುಡಿಸುತ್ತಾ ಮನೆಯಲ್ಲೇ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದರು. 1995ರಲ್ಲಿ ಉಳಿದವರು ಅದಕ್ಕೆ ಕೈಹಾಕಿ ಬಿಟ್ಟರು. ದನಿಯನ್ನು ಪಿಯಾನೊದಿಂದ ಬೇರ್ಪಡಿಸುವ ತಂತ್ರಾಂಶ ಬಂದ ಮೇಲೆ ಕೆಲಸ ಕೈಗೂಡಿತು. ಆ ಬಗೆಯ ತಂತ್ರಾಂಶ ಈಗ ಉಚಿತವಾಗಿಯೂ ಸಿಗುತ್ತದೆ. ತಬಲಾ, ತಂಬೂರಿ ಮಾತ್ರ ಇದ್ದ ಟೇಪಿನಲ್ಲಿ ಮಾವನ ದನಿ ಎಷ್ಟು ಶುಭ್ರವಾಗಿ ಹೊರಬಂತೆಂದರೆ ಅತ್ತೆ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು. ಹಾರ್ಮೋನಿಯಂ ಇದ್ದ ಕಡೆ ಮಾತ್ರ ತೊಡಕು. ಪಿಯಾನೊದ ನಾದ ಹೊಡೆದ ತಕ್ಷಣ ಇಳಿಯತೊಡಗುತ್ತದೆ. ಹಾರ್ಮೋನಿಯಂ ನಾದ ಗಾಳಿ ಇರುವಷ್ಟು ಹೊತ್ತೂ ದನಿಯಂತೆಯೇ ನಿಲ್ಲುತ್ತದೆ, ಅದೂ ಹಾಡುಗಾರ ಹಿಡಿದ ಸ್ವರದ ಮೇಲೆಯೇ. ಬಿಡಿಸಲು ಹೋದರೆ ದೀರ್ಘ ಸ್ವರಗಳ ಕೊನೆ ಸವೆದು ದನಿ ನೀರೊಳಗಿನಿಂದ ಬಂದಂತಾಗುತ್ತದೆ.

ಎರಡನೆಯದು, ಟೇಪನ್ನು ಧಾಟಿಗಷ್ಟೇ ಇಟ್ಟುಕೊಂಡು ಹೊಸದಾಗಿ ಹಾಡಿಸುವುದು. ಸೋದರ ಸೊಸೆ ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯೇ ಷಡ್ಜ) ಹಾಡಿದಳು, ಕೊಳಲು, ತಬಲಾ ಸೇರಿದವು. ಸಾಹಿತ್ಯ ಅಚ್ಚುಕಟ್ಟಾಗಿ ಕೇಳುತ್ತದೆ, ಸಭೆಯಲ್ಲಿ ಹಾಡಲೂ ಬರುತ್ತದೆ. ಆದರೆ ಮಾವ ಪಲ್ಲವಿಯ ಕೊನೆಯ ಮಾತಿಗೆ ಮುನ್ನ ಅರೆಗಳಿಗೆ ತಡೆದು ಗಾಂಧಾರಕ್ಕೆ ಇಳಿಯುತ್ತಾರೆ. ಕಂಪ್ಯೂಟರಿನ ಟಿಕ್ ಟಿಕ್ ತಾಳಕ್ಕೆ ಹಾಡಿಸಿದಾಗ ಆ ತಡೆ ಮಾಯವಾಯಿತು. ಟೇಪನ್ನೇ ಕಿವಿಗೆ ಹಾಕಿಕೊಂಡು ಗೆಳೆಯ ಠೇಕಾ, ಅಂದರೆ ತಬಲಾದ ತಾಳದ ನಡೆ, ನುಡಿಸಿದ ಮೇಲೆ ಮರಳಿ ಬಂತು. ಹಳೆಯ ಹಾಡಿಗೆ ಕೈಹಾಕುವವರು ಆ ಟಿಕ್ ಟಿಕ್ ಅನ್ನು ಮೊದಲು ಆಫ್ ಮಾಡಬೇಕು ಎನ್ನುವುದು ನನ್ನ ಬಲವಾದ ನಂಬಿಕೆ.

ಕೃತಕ ಬುದ್ಧಿಮತ್ತೆಗೆ ಪಲ್ಲವಿ ಕೊಟ್ಟು ಚರಣ ಮಾಡಿಸಿಯೂ ನೋಡಿದೆವು. ಶ್ರುತಿ ತಪ್ಪಲಿಲ್ಲ, ಆದರೆ ಆಭೇರಿ ರಾಗದ ಗಮಕ, ಅಂದರೆ ಸ್ವರಗಳ ಓಲಾಟ, ಚಪ್ಪಟೆಯಾಯಿತು, ‘ಳ’ ಎಲ್ಲವೂ ‘ಲ’ ಆಯಿತು. ಈ ಕೆಲಸಕ್ಕೆ ಅದು ಬೇಡ.

ನನಗೆ ಹೆಚ್ಚು ಹಿಡಿಸಿದ್ದು ಕೊನೆಗೆ ಹೊಳೆದದ್ದು. ಪಲ್ಲವಿಯಲ್ಲಿ ಏನನ್ನೂ ಬಿಡಿಸುವುದಿಲ್ಲ; ಟೇಪಿನ ಸರಸರ, ಹಾರ್ಮೋನಿಯಂ ತಿದಿಯ ಉಸಿರು ಸಮೇತ ಮಾವನೇ ಹಾಡುತ್ತಾರೆ. ಅದೇ ಹಾರ್ಮೋನಿಯಮ್ಮನ್ನು ಇಂದು ನುಡಿಸಿ ಮುದ್ರಿಸಿದ ಒಂದು ಆವರ್ತದ (ತಾಳದ ಒಂದು ಸುತ್ತಿನ) ಮೇಲೆ ಚರಣಕ್ಕೆ ದಾಟುತ್ತೇವೆ, ಅಲ್ಲಿಂದ ಹೊಸ ದನಿ. ಎರಡು ಕಾಲದ ನಡುವಿನ ಹೊಲಿಗೆ ಕಾಣುತ್ತದೆ, ಕಾಣಲಿ. ಇನ್ನೊಬ್ಬರು ಎಲ್ಲಿಯವರೆಗೆ ಕಟ್ಟಿದ್ದರು ಎಂಬುದು ಕೇಳುಗನಿಗೆ ತಿಳಿಯಬೇಕು. ಬರೀ ‘ತನನ’ ಇರುವ ಹಾಡುಗಳಿಗೆ ಮಾತ್ರ ಎರಡನೆಯ ದಾರಿಯೇ ಗತಿ.

ಒಂದು ಹಾಡನ್ನು ಸದ್ಯಕ್ಕೆ ಹೊರಗೆ ಬಿಡುವಂತಿಲ್ಲ. ಅದರ ಸಾಹಿತ್ಯ ಮಂಡ್ಯ ಜಿಲ್ಲೆಯ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿಯವರದು. ಕವಿ ತೀರಿಕೊಂಡದ್ದು 2003ರಲ್ಲಿ. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಆನಂತರ 60 ವರ್ಷ, ಅಂದರೆ 2063ರ ಕೊನೆಯವರೆಗೂ ಇರುತ್ತದೆ. ರಾಗ ಮಾವನದಾದರೂ ಮಾತಿಗೆ ಅನುಮತಿ ಬೇಕು. ಅದನ್ನು ಕೇಳಿಯೇ ಮುಂದುವರಿಯುತ್ತೇವೆ.