ಸೆಖೆಗೆ ಸೆಲ್ಫ್ ತಗೊಳ್ಳದ ಕಾರು: ಮಲ್ಟಿಮೀಟರ್, ಅಂಗಡಿ ಟೆಸ್ಟರ್, ಹೈಡ್ರೋಮೀಟರ್, ಸಾಕೆಟ್ ಮೀಟರ್

ಮೊದಲೇ ಹೇಳಿಬಿಡುತ್ತೇನೆ, ಕಾರು ಸ್ಟಾರ್ಟ್ ಆಗದಿದ್ದಾಗ ತಪ್ಪು ಎಲ್ಲಿದೆ ಅಂತ ನೋಡುವ ಈ ನಾಲ್ಕರಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಮಲ್ಟಿಮೀಟರ್, ಅಂದರೆ ವೋಲ್ಟ್ ಅಳೆಯುವ ಮೀಟರ್, ಇಟ್ಟುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಕಾರು ನಿಂತಿರುವಾಗ ಬರುವ ಅಂಕಿಯೊಂದನ್ನೇ ನಂಬಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು, ಉಡುಪಿ ಕಡೆ ಬ್ಯಾಟರಿ ಕೈಕೊಡುವುದು ಸಹಜ. ಬಾನೆಟ್ ಒಳಗಿನ ಶಾಖಕ್ಕೆ ಬ್ಯಾಟರಿಯ ನೀರು ಬೇಗ ಆರುತ್ತದೆ, ಒಳಗಿನ ಸೀಸದ ಜಾಲರಿಯೂ ಬೇಗ ಸವೆಯುತ್ತದೆ. ಅದರ ಮೇಲೆ ನಮ್ಮ ಉಪ್ಪುಗಾಳಿ ಬೇರೆ. ಹಾಗಂತ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯೇ ಹೋಯಿತು ಅಂತ ಅಲ್ಲ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಾರು ಕೆಲವು ಗಂಟೆ ಸುಮ್ನೆ ನಿಂತಿದ್ದರೆ ಚೆನ್ನಾಗಿರುವ ಬ್ಯಾಟರಿ 12.6 ತೋರಿಸುತ್ತದೆ. 12.2 ಅಂದರೆ ಅರ್ಧ ಚಾರ್ಜ್. ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ ಅಂಕಿ ಜಾಸ್ತಿ ಬರುತ್ತದೆ, ಅದು ಲೆಕ್ಕಕ್ಕಿಲ್ಲ. ನಿಜವಾದ ಪರೀಕ್ಷೆ ಸೆಲ್ಫ್ ಹೊಡೆಯುವಾಗ. ಆಗ 9.6ಕ್ಕಿಂತ ಕೆಳಗೆ ಇಳಿಯಬಾರದು. ನಮ್ಮ ಸೆಖೆಯಲ್ಲಿ 10ರ ಮೇಲೇ ನಿಲ್ಲಬೇಕು.

ಮಲ್ಪೆಯಲ್ಲಿ ಭಾವನ ಕಾರು ಬರೀ ಟಕಟಕ ಅನ್ನುತ್ತಿತ್ತು. "ಬ್ಯಾಟರಿ ಡೆಡ್ ಮಾರಾಯ್ರೆ, ಹೊಸ್ತು ಹಾಕಿ" ಅಂತ ಒಬ್ಬರು ಹೇಳಿಯೂ ಆಗಿತ್ತು. ಭಾವ ಕೀ ತಿರುಗಿಸಿದರು, ನಾನು ಮೀಟರಿನ ಎರಡೂ ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ಹಿಡಿದೆ. 12ರ ಹತ್ತಿರವೇ ನಿಂತಿತು. ಮೊನೆಗಳನ್ನು ಕಂಬ ಬಿಟ್ಟು ವೈರಿನ ಕ್ಲ್ಯಾಂಪ್‌ಗಳಿಗೆ ಇಟ್ಟರೆ 8ಕ್ಕೆ ಕುಸಿಯಿತು. ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಇದೆ, ಕಂಬಕ್ಕೂ ಕ್ಲ್ಯಾಂಪ್‌ಗೂ ನಡುವೆ ತಡೆ ಇದೆ. ಕ್ಲ್ಯಾಂಪ್ ಬಿಚ್ಚಿದಾಗ ಒಳಗೆಲ್ಲ ಹಸಿರು ಬಿಳಿ ಕಿಲುಬು, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ತಂತಿ ಬ್ರಷ್‌ನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲಿಂದ ವ್ಯಾಸಲೀನ್ ಹಚ್ಚಿದೆವು. ಒಂದೇ ಸಲಕ್ಕೆ ಸ್ಟಾರ್ಟ್! ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇದನ್ನು ಮರೆಯಬೇಡಿ.

ಅಂಗಡಿಯವರ ಎಲೆಕ್ಟ್ರಾನಿಕ್ ಟೆಸ್ಟರ್ ಕೆಲಸ ಮುಗಿಸಲು ಒಂದು ನಿಮಿಷವೂ ಬೇಡ. ಬ್ಯಾಟರಿಯ ಶಕ್ತಿ ಎಷ್ಟು ಉಳಿದಿದೆ ಅನ್ನುವುದನ್ನು ಮಲ್ಟಿಮೀಟರ್‌ಗಿಂತ ಚೆನ್ನಾಗಿ ಹೇಳುತ್ತದೆ. ಹಳೆಯ ಬ್ಯಾಟರಿ ಬದಲಿಸುವ ಮೊದಲು ಇದನ್ನು ಮಾಡಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಬ್ಯಾಟರಿ ಮೇಲೆ ಬರೆದಿರುವ ಸಿಸಿಎ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಅದು ಕೊಡಬಲ್ಲ ಕರೆಂಟ್) ಅಂಕಿಯನ್ನೇ ಅದಕ್ಕೆ ಕೊಡಬೇಕು. ತಪ್ಪು ಅಂಕಿ ಕೊಟ್ಟರೆ ಉತ್ತರವೂ ತಪ್ಪು. ಪಕ್ಕದಲ್ಲೇ ನಿಂತು ನೋಡಿ, ಕೇಳಿ. ಚಾರ್ಜ್ ಇಳಿದಿದ್ದರೆ ಚಾರ್ಜ್ ಮಾಡಿಸಿ ಇನ್ನೊಮ್ಮೆ ಪರೀಕ್ಷಿಸಲು ಹೇಳಿ.

ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಹೈಡ್ರೋಮೀಟರ್ ನನಗೆ ಇಷ್ಟ, ಆದರೆ ಮುಚ್ಚಳ ತೆಗೆಯಲು ಬರುವ ಬ್ಯಾಟರಿಗೆ ಮಾತ್ರ. ಒಳಗಿನ ಆರು ಸೆಲ್‌ಗಳಲ್ಲಿ ಒಂದರ ಗ್ರಾವಿಟಿ (ಹೈಡ್ರೋಮೀಟರ್ ತೋರಿಸುವ ಅಂಕಿ) ಉಳಿದವಕ್ಕಿಂತ 0.050ರಷ್ಟು ಕಡಿಮೆ ಬಂದರೆ ಆ ಸೆಲ್ ಹಾಳಾಗಿದೆ ಎಂದೇ ಅರ್ಥ. ಇಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ನೀರು ಹಾಕಿದ ಕೂಡಲೇ ಅಳೆಯಬೇಡಿ. ಹಾಕುವುದೂ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡವೇ ಬೇಡ. ಆಸಿಡ್ ಹನಿ ಬಿದ್ದರೆ ಬಟ್ಟೆ ತೂತಾಗುತ್ತದೆ, ಕಣ್ಣಿಗಂತೂ ಅಪಾಯ. ಹತ್ತಿರ ಬೀಡಿ, ಬೆಂಕಿ ಏನೂ ಇರಬಾರದು.

ಇನ್ನು 12 ವೋಲ್ಟ್ ಸಾಕೆಟ್‌ಗೆ ಚುಚ್ಚುವ ಪುಟ್ಟ ಮೀಟರ್. ಬ್ಯಾಟರಿ ಅಳೆಯಲು ಇದು ಸಾಲದು, ಚಾರ್ಜಿಂಗ್ ಗಮನಿಸಲು ಒಳ್ಳೆಯದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗಿರಬೇಕು. ಮಂಗಳೂರಿನ ಪಂಪ್‌ವೆಲ್‌ನ ಟ್ರಾಫಿಕ್‌ನಲ್ಲಿ ಎಸಿ, ಫ್ಯಾನ್ ಎಲ್ಲ ಓಡುತ್ತಾ ನಿಂತಾಗ ಸ್ವಲ್ಪ ಇಳಿದರೆ ಪರವಾಗಿಲ್ಲ. ಹೆದ್ದಾರಿಗೆ ಬಂದು ಪಡುಬಿದ್ರಿ ದಾಟಿದರೂ 12.5ರಲ್ಲೇ ಇದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಅಥವಾ ಅದನ್ನು ತಿರುಗಿಸುವ ಬೆಲ್ಟ್ ನೋಡಿಸಿ. ಹೊಸ ಬ್ಯಾಟರಿ ಹಾಕಿದರೂ ಅದು ಮತ್ತೆ ಡೌನ್ ಆಗುತ್ತದೆ.

ಒಂದು ತೊಂದರೆಯನ್ನು ಮಾತ್ರ ಅಂಗಡಿ ಟೆಸ್ಟರ್ ಆಗಲಿ ಹೈಡ್ರೋಮೀಟರ್ ಆಗಲಿ ಹಿಡಿಯುವುದಿಲ್ಲ. ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಬಿಸಿಲಲ್ಲಿ ಓಡಿಸಿ ನಿಲ್ಲಿಸಿ ಹತ್ತು ನಿಮಿಷಕ್ಕೆ ಮತ್ತೆ ತಿರುಗಿಸಿದರೆ ಒಂದು ಟಕ್ ಅಷ್ಟೇ. ತಣಿದ ಮೇಲೆ ಮತ್ತೆ ಸರಿ. ಟರ್ಮಿನಲ್ ಚೊಕ್ಕಟವಾಗಿದ್ದು, ಕೀ ತಿರುಗಿಸುವಾಗಲೂ ಮೀಟರ್ 12.5ರಿಂದ ಅಲುಗದಿದ್ದರೆ ಬ್ಯಾಟರಿ ಅಂಗಡಿಗೆ ಹೋಗುವುದೇ ಬೇಡ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಸ್ಟಾರ್ಟರಿನ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್), ಅದರ ವೈರ್, ಅರ್ಥ್ ವೈರ್ ಮೂರನ್ನೂ ನೋಡಿಸಿ. ಅದೂ ಇಂಜಿನ್ ಬಿಸಿ ಇರುವಾಗಲೇ.